ಮೇಲೆ ಬೀಳುವ ಜಾಹೀರಾತು, ಮುಖ ತಿರುಗಿಸುವ ಪ್ರವಾಸಿ

(ಕಾಸರಗೋಡಿನಲ್ಲಿ ಹೋಂ ಸ್ಟೇ ನಡೆಸುವವರು ಮತ್ತು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಧಾರವಾಡದಲ್ಲಿರುವ ನನ್ನ ತಂಗಿ ಒಂದು ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಬೇಕಲ ಕೋಟೆ ನೋಡಲು ಬರುವುದೆಂದು ನಿಶ್ಚಯಿಸಿದಳು. ಅವಳಿಗೆ ತಿಳಿಯಬೇಕಾಗಿದ್ದುದು ಒಂದೇ ವಿಷಯ: ಸಂಜೆ ಕೋಟೆಯ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದು. ಮೊಬೈಲಿನಲ್ಲಿ ಹುಡುಕಿ ಒಂದು ಪುಟವನ್ನು ತೆರೆದಳು. ಪುಟ ಪೂರ್ತಿ ತೆರೆದುಕೊಳ್ಳುವ ಮೊದಲೇ ಅದನ್ನು ಮುಚ್ಚಿಕೊಂಡು ಒಂದು ಪರದೆ ಬಂದು ಇಮೇಲ್ ವಿಳಾಸ ಕೇಳಿತು. ಅದನ್ನು ಸರಿಸಿದ ಮೇಲೆ ನಮ್ಮ ಕರಾವಳಿಯ ರೆಸಾರ್ಟ್ ಒಂದರ ವಿಡಿಯೊ, ಕೇಳದೆಯೇ ಸದ್ದು ಮಾಡುತ್ತಾ, ತಾನಾಗಿ ಓಡತೊಡಗಿತು. ಅದರ ಮೂಲೆಯಲ್ಲಿದ್ದ ಸಾಸಿವೆಯಷ್ಟು ಚಿಕ್ಕ ಗುಣಾಕಾರ ಚಿಹ್ನೆಯನ್ನು ಒತ್ತಹೋಗಿ ಬೆರಳು ಜಾರಿತು, ಫೋನು ಮತ್ತಾವುದೋ ಪುಟಕ್ಕೆ ಹೋಯಿತು. ಅವಳು ಅದನ್ನು ಅಲ್ಲಿಗೇ ಬಿಟ್ಟು ನನಗೆ ಕರೆ ಮಾಡಿದಳು. ಸಮಯ ತಿಳಿದುಕೊಂಡ ಮೇಲೆ ಅವಳು ಆಡಿದ ಮಾತು ನನ್ನ ಈ ಉಪನ್ಯಾಸಕ್ಕೆ ಕಾರಣವಾಯಿತು: "ನಿಮ್ಮೂರಿನ ಆ ರೆಸಾರ್ಟಿನವರು ಯಾಕೆ ಹೀಗೆ ಮೈಮೇಲೆ ಬೀಳುತ್ತಾರೆ? ಎಲ್ಲಿ ಉಳಿದುಕೊಂಡರೂ ಸರಿ, ಅಲ್ಲಿ ಮಾತ್ರ ಬೇಡ."

ಆ ರೆಸಾರ್ಟಿನವರು ಮಾಡಿದ್ದು ಜಾಹೀರಾತಿಗೆ ಹಣ ಕೊಟ್ಟದ್ದು ಮಾತ್ರ. ಆ ವಿಡಿಯೊ ಯಾವ ಪುಟದಲ್ಲಿ, ಯಾವ ಗಳಿಗೆಯಲ್ಲಿ, ಯಾರ ಓದಿಗೆ ಅಡ್ಡವಾಗಿ ಬೀಳಬೇಕೆಂಬುದನ್ನು ನಿರ್ಧರಿಸಿದ್ದು ಅವರಲ್ಲ. ಪುಟವೊಂದು ತೆರೆದುಕೊಳ್ಳುವ ಹೊತ್ತಿಗೆ ಅದರಲ್ಲಿನ ಜಾಹೀರಾತಿನ ಜಾಗ ಒಂದು ಸೆಕೆಂಡಿನ ಅಲ್ಪ ಭಾಗದಲ್ಲಿ ಯಂತ್ರಗಳ ನಡುವೆಯೇ ಹರಾಜಾಗುತ್ತದೆ. ಹೆಚ್ಚು ಕೂಗಿದವರಿಗೆ ಆ ಜಾಗ ಸಿಗುತ್ತದೆ. ನೋಡುವವನಿಗೆ ಈ ಹರಾಜು ಕಾಣುವುದಿಲ್ಲ, ಪರದೆಯ ಮೇಲಿರುವ ಹೆಸರು ಮಾತ್ರ ಕಾಣುತ್ತದೆ. ಆದ್ದರಿಂದ ಅವನ ಸಿಟ್ಟು ಆ ಹೆಸರಿನ ಮೇಲೆಯೇ ಇಳಿಯುತ್ತದೆ. ತಂಗಿಯ ಮಾತಿನಲ್ಲಿ "ನಿಮ್ಮೂರಿನ" ಎಂಬ ಪದವೂ ಇತ್ತೆಂಬುದನ್ನು ಗಮನಿಸಬೇಕು. ಸಿಟ್ಟಿನ ಒಂದು ಹನಿ ರೆಸಾರ್ಟನ್ನು ದಾಟಿ ಊರಿನ ಮೇಲೆಯೂ ಬಿದ್ದಿತ್ತು. ಸೋಪು, ಚಹಾಪುಡಿಯ ಜಾಹೀರಾತಿಗೂ ಪ್ರವಾಸದ ಜಾಹೀರಾತಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ಸೋಪು ಬೇಸರ ತರಿಸಿದರೆ ಒಂದು ಕಂಪೆನಿಗೆ ನಷ್ಟ. ಊರನ್ನು ಮಾರುವ ಜಾಹೀರಾತು ಬೇಸರ ತರಿಸಿದರೆ ಆ ಜಾಹೀರಾತಿಗೆ ಒಂದು ಪೈಸೆಯನ್ನೂ ಕೊಡದ ಆಟೋ ಚಾಲಕನಿಗೂ, ಎಳನೀರು ಮಾರುವವಳಿಗೂ ಅದರಲ್ಲಿ ಪಾಲು ಬರುತ್ತದೆ.

ಈ ಬಗೆಯ ಜಾಹೀರಾತುಗಳನ್ನು ನಾನು "ಮೇಲೆ ಬೀಳುವ ಜಾಹೀರಾತು" ಎಂದು ಕರೆಯುತ್ತೇನೆ. ವಿದ್ವಾಂಸರು ಇದನ್ನು ಅಳೆಯಲು ಪ್ರಯತ್ನಿಸಿದ್ದಾರೆ. 2002ರಲ್ಲಿ ಹೈರೋಂಗ್ ಲಿ, ಸ್ಟೀವನ್ ಎಡ್ವರ್ಡ್ಸ್ ಮತ್ತು ಜೂ ಹ್ಯುನ್ ಲೀ ಎಂಬ ಮೂವರು ಸಂಶೋಧಕರು ಇದಕ್ಕಾಗಿ ಏಳು ಪದಗಳ ಒಂದು ಅಳತೆಗೋಲನ್ನು ರೂಪಿಸಿದರು. ಗಮನ ಕೆಡಿಸುವಂಥದು, ನೆಮ್ಮದಿ ಕದಡುವಂಥದು, ಬಲವಂತದ್ದು, ಅಡ್ಡ ಬರುವಂಥದು ಎಂಬ ಅರ್ಥದ ಪದಗಳು ಅವು. ಅವುಗಳಲ್ಲಿ ಒಂದೂ ಜಾಹೀರಾತು ಸುಳ್ಳು ಹೇಳುತ್ತದೆ ಎನ್ನುವುದಿಲ್ಲ, ಅಂದಗೆಟ್ಟದ್ದು ಎನ್ನುವುದೂ ಇಲ್ಲ. ಸುಂದರವಾದ, ಪೂರ್ತಿ ಸತ್ಯವಾದ ಜಾಹೀರಾತು ಕೂಡ ಮೇಲೆ ಬೀಳಬಲ್ಲದು. ಕಿರಿಕಿರಿ ಎಂಬುದು ಮೇಲೆ ಬೀಳುವಿಕೆಯ ಫಲವೇ ಹೊರತು ಮೇಲೆ ಬೀಳುವಿಕೆಯೇ ಅಲ್ಲ ಎಂಬ ಸೂಕ್ಷ್ಮವನ್ನೂ ಅವರು ಗುರುತಿಸಿದ್ದಾರೆ. ನಾನು ಏನನ್ನೋ ಮಾಡುತ್ತಿದ್ದೆ, ಅದನ್ನು ತಡೆಯಲಾಯಿತು ಎಂಬ ಅರಿವು ಮೊದಲು ಹುಟ್ಟುತ್ತದೆ. ಆಮೇಲೆ ಕಿರಿಕಿರಿ, ಆಮೇಲೆ ಮುಖ ತಿರುಗಿಸುವುದು. ನಿಮ್ಮ ಜಾಹೀರಾತಿನ ಚಿತ್ರವನ್ನು ಎಷ್ಟು ಚೆಂದ ಮಾಡಿದರೂ ಈ ಮೊದಲ ಹೆಜ್ಜೆಗೆ ಅದು ಮದ್ದಲ್ಲ ಎಂಬುದು ಇದರಿಂದ ಹೊರಡುವ ಮಾತು, ನಮ್ಮಲ್ಲಿ ಹಲವರು ಹಣ ಕಳೆದುಕೊಂಡ ಮೇಲೆ ಕಲಿಯುವ ಮಾತು.

ಇದರ ಇತಿಹಾಸ ದೀರ್ಘವಾದುದಲ್ಲ. ಜಾಲತಾಣದಲ್ಲಿ ಪಟ್ಟಿಯಂಥ ಜಾಹೀರಾತುಗಳು ಮೊದಲು ಹೆಸರು ಮಾಡಿದ್ದು 1994ರ ಅಕ್ಟೋಬರಿನಲ್ಲಿ. ನಾಲ್ಕೇ ವರ್ಷ ಕಳೆಯುವಷ್ಟರಲ್ಲಿ, 1998ರಲ್ಲಿ, ಜನರ ಕಣ್ಣು ಅಂಥ ಪಟ್ಟಿಗಳನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತದೆಂದು ಸಂಶೋಧಕರು ಬರೆದರು, ಆ ಕುರುಡಿಗೆ ಒಂದು ಹೆಸರನ್ನೂ ಕೊಟ್ಟರು. ಕಣ್ಣು ತಪ್ಪಿಸಿಕೊಂಡಾಗ ಜಾಹೀರಾತು ಕಣ್ಣಿಗೆ ಅಡ್ಡ ಬಂದು ನಿಲ್ಲತೊಡಗಿತು. ಪಾಪ್-ಅಪ್ ಎಂಬ ಚಿಮ್ಮುಪರದೆಯನ್ನು ತೊಂಬತ್ತರ ದಶಕದಲ್ಲಿ ರೂಪಿಸಿದವರಲ್ಲಿ ಒಬ್ಬರಾದ ಈಥನ್ ಜುಕರ್‌ಮನ್ 2014ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ತಾನು ಮಾಡಿದ ಸಲಕರಣೆಗಾಗಿ ಲೋಕದ ಮುಂದೆ ಕ್ಷಮೆ ಕೇಳಿದ ತಂತ್ರಜ್ಞರು ವಿರಳ. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಜನ ಏಕೆ ಹೀಗೆ ಪ್ರತಿಕ್ರಿಯಿಸುತ್ತಾರೆ ಎಂಬುದಕ್ಕೆ ಅಮೆರಿಕದ ಮನೋವಿಜ್ಞಾನಿ ಜ್ಯಾಕ್ ಬ್ರೆಮ್ 1966ರಲ್ಲಿ ಮಂಡಿಸಿದ ಸಿದ್ಧಾಂತ ಇಂದಿಗೂ ಮುಖ್ಯ ಆಧಾರವಾಗಿದೆ. ತನ್ನದೆಂದು ಭಾವಿಸಿದ ಸ್ವಾತಂತ್ರ್ಯವೊಂದಕ್ಕೆ ಯಾರೋ ಕೈಹಾಕಿದರೆಂದು ಅನ್ನಿಸಿದಾಗ ಮನುಷ್ಯನಲ್ಲಿ ಅದನ್ನು ಮರಳಿ ಪಡೆಯುವ ಹಟ ಹುಟ್ಟುತ್ತದೆ, ಆ ಹಟದಲ್ಲಿ ಅವನು ತನಗೆ ಹೇಳಿದ್ದಕ್ಕೆ ವಿರುದ್ಧವಾದುದನ್ನೇ ಆರಿಸಿಕೊಳ್ಳಬಹುದು ಎಂಬುದು ಅದರ ತಿರುಳು. ಇದು ನಮಗೆ ಹೊಸತಲ್ಲ. ಬಸ್ಸಿನಿಂದ ಇಳಿದವನ ಕೈಯ ಚೀಲವನ್ನೇ ಹಿಡಿದೆಳೆಯುವ ಲಾಡ್ಜಿನ ದಲ್ಲಾಳಿಯನ್ನು ಕಂಡವರೆಲ್ಲರಿಗೂ ಗೊತ್ತಿದೆ, ಆ ಲಾಡ್ಜು ಒಳ್ಳೆಯದೇ ಇದ್ದರೂ ನಾವು ಹೋಗುವುದು ಪಕ್ಕದ್ದಕ್ಕೆ.

ಪ್ರವಾಸದ ವಿಷಯದಲ್ಲಿ ಈ ಹಟ ಇನ್ನಷ್ಟು ತೀವ್ರವಾಗುವುದಕ್ಕೆ ಕಾರಣವಿದೆ. ಪ್ರವಾಸವೆಂದರೆ ವರ್ಷವಿಡೀ ಬೇರೆಯವರ ಗಡಿಯಾರಕ್ಕೆ ದುಡಿದವನು ತನ್ನ ಇಷ್ಟದಂತೆ ಕಳೆಯಲು ಹೊರಡುವ ನಾಲ್ಕು ದಿನ. ಆ ನಾಲ್ಕು ದಿನಗಳ ಸ್ವಾತಂತ್ರ್ಯ ಶುರುವಾಗುವುದು ರೈಲು ಹತ್ತಿದಾಗಲ್ಲ, ಎಲ್ಲಿಗೆ ಹೋಗೋಣ ಎಂದು ರಾತ್ರಿ ಊಟದ ನಂತರ ಮನೆಯವರೆಲ್ಲ ಫೋನಿನ ಸುತ್ತ ಕುಳಿತಾಗ. ಆ ಹುಡುಕಾಟವೇ ಪ್ರವಾಸದ ಮೊದಲ ಸುಖ. ಜೊತೆಗೆ, ಪ್ರವಾಸವನ್ನು ಕೊಳ್ಳುವವನು ಅದನ್ನು ಮುಟ್ಟಿ ನೋಡಲಾರ, ಇಷ್ಟವಾಗದಿದ್ದರೆ ಹಿಂದಿರುಗಿಸಲಾರ. ಖರ್ಚು ದೊಡ್ಡದು, ರಜೆ ಸಣ್ಣದು, ತಪ್ಪಾದರೆ ಸರಿಪಡಿಸಲು ಮುಂದಿನ ವರ್ಷವೇ ಬರಬೇಕು. ಆದಕಾರಣ ಅವನು ಬಹಳ ಓದುತ್ತಾನೆ, ಹೋಲಿಸುತ್ತಾನೆ, ಮೂರು ನಾಲ್ಕು ಪುಟಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡು ಲೆಕ್ಕ ಹಾಕುತ್ತಾನೆ. ಮನಸ್ಸು ಒಂದು ಕೆಲಸದಲ್ಲಿ ಆಳವಾಗಿ ತೊಡಗಿರುವಾಗ ಚಿಮ್ಮುವ ಪರದೆ ಹೆಚ್ಚು ಅಡ್ಡಿಯಾಗಿ ತೋರುತ್ತದೆ, ಓದುತ್ತಿರುವ ವಿಷಯಕ್ಕೆ ಹೊಂದಿಕೊಂಡಿದ್ದರೆ ಮತ್ತು ಏನಾದರೂ ಉಪಯುಕ್ತ ಮಾಹಿತಿ ಕೊಟ್ಟರೆ ಕಡಿಮೆ ಅಡ್ಡಿಯಾಗಿ ತೋರುತ್ತದೆ ಎಂದು, ಅಳತೆಗೋಲನ್ನು ರೂಪಿಸಿದ ಆ ಮೂವರು ಸಂಶೋಧಕರೇ 2002ರಲ್ಲಿಯೇ ಮತ್ತೊಂದು ಅಧ್ಯಯನದಲ್ಲಿ ತೋರಿಸಿದ್ದಾರೆ. 2004ರಲ್ಲಿ ಚೊ ಮತ್ತು ಚಿಯೋನ್ ಎಂಬವರು ಜನರು ಅಂತರ್ಜಾಲದ ಜಾಹೀರಾತನ್ನು ತಪ್ಪಿಸಿಕೊಳ್ಳಲು ಮೂರು ಕಾರಣಗಳನ್ನು ಪರೀಕ್ಷಿಸಿದರು: ಗುರಿಗೆ ಅಡ್ಡಿ, ಜಾಹೀರಾತುಗಳ ಗಿಜಿಗಿಜಿ, ಹಿಂದಿನ ಕೆಟ್ಟ ಅನುಭವ. ಮೂರರಲ್ಲಿ ಗುರಿಗೆ ಅಡ್ಡಿಯಾಗುವುದೇ ಅತ್ಯಂತ ಬಲವಾದ ಕಾರಣವೆಂದು ಕಂಡುಬಂತು. ನನ್ನ ತಂಗಿಗೆ ಬೇಕಾಗಿದ್ದುದು ಕೋಟೆಯ ಸಮಯ. ಆ ಗುರಿಗೆ ಅಡ್ಡ ಬಂದದ್ದು ಕೋಟೆಯ ಪಕ್ಕದ ಕೋಣೆ.

ಈಗ ಬೆನ್ನು ಹತ್ತುವ ಜಾಹೀರಾತಿನ ವಿಷಯಕ್ಕೆ ಬರುತ್ತೇನೆ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದಿದ್ದೇನೆ, ಏಕೆಂದರೆ ಪ್ರವಾಸೋದ್ಯಮ ಅತಿ ಹೆಚ್ಚು ನೆಚ್ಚಿಕೊಂಡಿರುವುದು ಇದನ್ನೇ. ನೀವು ಒಂದು ಹೋಟೆಲಿನ ಪುಟವನ್ನು ನೋಡಿ ಕಾಯ್ದಿರಿಸದೆ ಹೊರಟುಹೋದರೆ, ಮರುದಿನ ಸುದ್ದಿ ಓದುವಾಗ, ಅಡುಗೆಯ ವಿಡಿಯೊ ನೋಡುವಾಗ, ಅದೇ ಹೋಟೆಲಿನ ಅದೇ ಕೋಣೆ ಮತ್ತೆ ಮತ್ತೆ ಎದುರಿಗೆ ಬರುತ್ತದೆ. ನಿಮ್ಮ ಬ್ರೌಸರಿನಲ್ಲಿ ಉಳಿದ ಕುಕಿ ಎಂಬ ಸಣ್ಣ ಗುರುತು ಈ ಕೆಲಸ ಮಾಡಿಸುತ್ತದೆ. ಬಿಟ್ಟುಹೋದವನನ್ನು ಮರಳಿ ಕರೆಯುವುದು ವ್ಯಾಪಾರಿಗೆ ಸಹಜವಾದ ಆಸೆ. ಅದು ನಿಜಕ್ಕೂ ಫಲ ಕೊಡುತ್ತದೆಯೇ ಎಂಬುದನ್ನು ಅಂಜಾ ಲ್ಯಾಂಬ್ರೆಕ್ಟ್ ಮತ್ತು ಕ್ಯಾಥರಿನ್ ಟಕರ್ ಎಂಬ ಇಬ್ಬರು ವಿದ್ವಾಂಸೆಯರು ಪ್ರವಾಸ ಕಂಪೆನಿಯೊಂದರ ಗ್ರಾಹಕರ ಮೇಲೆಯೇ ಪ್ರಯೋಗ ಮಾಡಿ ನೋಡಿದರು. ಕೆಲವರಿಗೆ ಅವರು ಹಿಂದೆ ನೋಡಿದ ಹೋಟೆಲನ್ನೇ ತೋರಿಸುವ ಜಾಹೀರಾತು, ಉಳಿದವರಿಗೆ ಕಂಪೆನಿಯ ಹೆಸರನ್ನಷ್ಟೇ ಹೇಳುವ ಸಾಮಾನ್ಯ ಜಾಹೀರಾತು. 2013ರಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು: ಸರಾಸರಿಯಲ್ಲಿ ನೋಡಿದರೆ ಸಾಮಾನ್ಯ ಜಾಹೀರಾತೇ ಹೆಚ್ಚು ಫಲ ಕೊಟ್ಟಿತ್ತು. ನೋಡಿದ ಹೋಟೆಲನ್ನೇ ತೋರಿಸುವ ಜಾಹೀರಾತು ಕೆಲಸ ಮಾಡತೊಡಗಿದ್ದು, ಗ್ರಾಹಕರು ವಿಮರ್ಶೆಗಳ ತಾಣಗಳಿಗೆ ಹೋಗಿ ಓದಿ, ತಮಗೆ ಬೇಕಾದುದು ಏನೆಂದು ಒಂದು ಸ್ಪಷ್ಟತೆಗೆ ಬಂದ ಮೇಲೆ.

ಇದರ ಅರ್ಥವನ್ನು ನಮ್ಮ ಊರಿನ ಸಂದರ್ಭಕ್ಕೆ ತಂದು ನೋಡೋಣ. ರಾಣಿಪುರಂ ಬೆಟ್ಟವೋ ವಲಿಯಪರಂಬದ ಹಿನ್ನೀರೋ ಎಂದು ಇನ್ನೂ ತೂಗಿ ನೋಡುತ್ತಿರುವವನಿಗೆ ಒಂದು ನಿರ್ದಿಷ್ಟ ಕೋಣೆಯ ಚಿತ್ರ, ಅದರ ಬೆಲೆ, ಅದರ ಹಾಸಿಗೆಯ ವಿವರ ಬೇಕಾಗಿಲ್ಲ. ಅವನು ಇನ್ನೂ ಬಯಲಿನಲ್ಲಿದ್ದಾನೆ, ಬಾಗಿಲಿಗೆ ಬಂದಿಲ್ಲ. ಬಾಗಿಲಿಗೆ ಬಂದವನಿಗೆ ಕೋಣೆ ತೋರಿಸಿದರೆ ಅದು ಸಹಾಯ, ಬಯಲಿನಲ್ಲಿದ್ದವನ ಬೆನ್ನು ಹತ್ತಿ ತೋರಿಸಿದರೆ ಅದು ಬಲವಂತ. ಇವೆರಡಕ್ಕಿಂತ ಕೆಟ್ಟದ್ದು ಮೂರನೆಯದು: ಬಂದು, ಉಳಿದು, ಹಣ ಕೊಟ್ಟು, ಊರಿಗೆ ಮರಳಿದವನ ಹಿಂದೆಯೂ ಅದೇ ಕೋಣೆ ಓಡುವುದು. ನನ್ನ ಪರಿಚಯದ ಒಂದು ಕುಟುಂಬ ನೀಲೇಶ್ವರದಲ್ಲಿ ದೋಣಿಮನೆಯಲ್ಲಿ ಒಂದು ರಾತ್ರಿ ಕಳೆದು ಮರಳಿದ ಮೇಲೆ ಎರಡು ವಾರ ಅದೇ ದೋಣಿಮನೆಯ ಜಾಹೀರಾತು ಅವರನ್ನು ಬಿಡಲಿಲ್ಲ. ಅದರಲ್ಲಿ ಅವರು ಕೊಟ್ಟದ್ದಕ್ಕಿಂತ ಕಡಿಮೆ ದರವೂ ಕಾಣಿಸಿತು. ಸಂತೋಷದಿಂದ ಮರಳಿದ ಆ ಮನೆಯವರು ತಾವು ಮೋಸ ಹೋದೆವೆಂದು ನಂಬಿದರು. ಆ ದೋಣಿಮನೆಯವರ ಆತಿಥ್ಯದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕಾಯ್ದಿರಿಸಿದವರನ್ನು ಜಾಹೀರಾತಿನ ಪಟ್ಟಿಯಿಂದ ತೆಗೆಯಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ.

ಇನ್ನೊಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆಲ್ಲ ಮಂಗಳೂರಿನ ಆಸ್ಪತ್ರೆಗಳನ್ನು ಆಶ್ರಯಿಸಿರುವುದು ಇಲ್ಲಿರುವ ಎಲ್ಲರಿಗೂ ತಿಳಿದದ್ದೇ. ನಮ್ಮ ನೆರೆಮನೆಯ ಹಿರಿಯರೊಬ್ಬರು ಹೆಂಡತಿಯ ಶಸ್ತ್ರಚಿಕಿತ್ಸೆಗಾಗಿ ಹೋಗುವಾಗ, ಆಸ್ಪತ್ರೆಯ ಹತ್ತಿರ ಕಡಿಮೆ ಬಾಡಿಗೆಯ ಕೋಣೆಯೊಂದನ್ನು ಮಗನ ಫೋನಿನಲ್ಲಿ ಹುಡುಕಿಸಿದರು. ಆ ಯಂತ್ರಕ್ಕೆ ತಿಳಿದದ್ದು, ಈ ಫೋನಿನವರು ಮಂಗಳೂರಿನಲ್ಲಿ ಕೋಣೆ ಹುಡುಕುತ್ತಿದ್ದಾರೆ ಎಂಬುದಿಷ್ಟೇ. ಚಿಕಿತ್ಸೆಯ ಆ ಹತ್ತು ದಿನಗಳೂ, ಅದರ ನಂತರವೂ, ಕಡಲತೀರದಲ್ಲಿ ನಗುವ ದಂಪತಿಯ ಚಿತ್ರ, ರಜೆಯ ಮಜಾ ಸವಿಯಿರಿ ಎಂಬ ಆಹ್ವಾನ ಆ ಫೋನಿನಲ್ಲಿ ಬರುತ್ತಲೇ ಇದ್ದವು. ಮಗ ಒಂದು ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತು ಆ ಆ್ಯಪನ್ನೇ ಅಳಿಸಿಹಾಕಿದ. ಅದನ್ನು ಅವನು ನನಗೆ ಹೇಳುವಾಗ ಸಿಟ್ಟಿನಲ್ಲಿರಲಿಲ್ಲ, ಅವನ ಕಣ್ಣು ತುಂಬಿತ್ತು. ಗ್ರಾಹಕನ ಪ್ರತಿಕ್ರಿಯೆ ಎಂದು ನಾವು ಪುಸ್ತಕದಲ್ಲಿ ಓದುವ ಪದದ ಒಳಗೆ ಇಂಥ ಗಳಿಗೆಗಳೂ ಇವೆ. ವಾಣಿಜ್ಯ ಕಲಿಯುತ್ತಿರುವ ನೀವು ಮುಂದೆ ಜಾಹೀರಾತಿನ ಕೆಲಸಕ್ಕೆ ಹೋದಾಗ ಇದನ್ನು ನೆನಪಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಒಂದು ಮುಖ್ಯ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಕಿರಿಕಿರಿಯಾದರೂ ಹೆಸರು ನೆನಪಿನಲ್ಲಿ ಉಳಿಯುತ್ತದಲ್ಲ, ಹೊಸದಾಗಿ ಶುರುಮಾಡಿದ ನಮ್ಮಂಥವರಿಗೆ ಅದೇ ದೊಡ್ಡದು ಎಂದು ಪೈವಳಿಕೆ ಕಡೆಯ ಹೋಂ ಸ್ಟೇ ಮಾಲಕರೊಬ್ಬರು ನನ್ನೊಡನೆ ವಾದಿಸಿದ್ದರು. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪದೇ ಪದೇ ಕಂಡದ್ದು ಇಷ್ಟವಾಗತೊಡಗುತ್ತದೆ ಎಂಬುದನ್ನು ರಾಬರ್ಟ್ ಜಯಾಂಕ್ 1968ರಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದರು. ಅಬ್ಬರದ ಜಾಹೀರಾತು ಕಣ್ಣಿಗೆ ಬೀಳುತ್ತದೆ ಎಂಬುದೂ ನಿಜ. ಆದರೆ ಅವಿ ಗೋಲ್ಡ್‌ಫಾರ್ಬ್ ಮತ್ತು ಕ್ಯಾಥರಿನ್ ಟಕರ್ ಸಾವಿರಾರು ಜಾಹೀರಾತು ಅಭಿಯಾನಗಳ ದತ್ತಾಂಶವನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಹೆಚ್ಚು ಖಚಿತವಾದ ಉತ್ತರ ಕೊಡುತ್ತದೆ. ಪುಟದ ವಿಷಯಕ್ಕೆ ಹೊಂದುವ ಜಾಹೀರಾತು ಕೊಳ್ಳುವ ಇಚ್ಛೆಯನ್ನು ಹೆಚ್ಚಿಸುತ್ತದೆ. ಎದ್ದುಕಾಣುವ ಅಬ್ಬರದ ಜಾಹೀರಾತೂ ಹೆಚ್ಚಿಸುತ್ತದೆ. ಎರಡನ್ನೂ ಸೇರಿಸಿದರೆ, ಅಂದರೆ ವಿಷಯಕ್ಕೆ ಹೊಂದಿಸಿದ ಜಾಹೀರಾತೇ ಅಬ್ಬರಿಸತೊಡಗಿದರೆ, ಆ ಲಾಭ ಕರಗಿಹೋಗುತ್ತದೆ. ತನ್ನ ಖಾಸಗಿ ವಿವರಗಳನ್ನು ಬಿಟ್ಟುಕೊಡಲು ಒಪ್ಪದ ಸ್ವಭಾವದವರಲ್ಲಿ ಈ ಪರಿಣಾಮ ಇನ್ನೂ ಬಲವಾಗಿ ಕಂಡಿತು. ನನ್ನನ್ನು ಬಲ್ಲವನು ಮೆಲ್ಲನೆ ಮಾತಾಡಿದರೆ ಕೇಳುತ್ತೇನೆ, ನನ್ನ ಪರಿಚಯವೇ ಇಲ್ಲದವನು ಬೀದಿಯಲ್ಲಿ ಕೂಗಿದರೂ ಒಮ್ಮೆ ತಿರುಗಿ ನೋಡುತ್ತೇನೆ. ನನ್ನ ಬಗ್ಗೆ ಎಲ್ಲವನ್ನೂ ತಿಳಿದವನೊಬ್ಬ ಬೀದಿಯಲ್ಲಿ ನನ್ನ ಹೆಸರು ಹಿಡಿದು ಕೂಗಿದರೆ ಭಯವಾಗುತ್ತದೆ. ಪ್ರವಾಸದ ಜಾಹೀರಾತು ಸಾಮಾನ್ಯವಾಗಿ ಈ ಮೂರನೆಯ ಬಗೆಯದು. ನಾವು ಹೋಗುವ ದಿನಾಂಕ, ಎಷ್ಟು ಮಂದಿ, ಮಕ್ಕಳ ವಯಸ್ಸು, ಎಲ್ಲವೂ ಹುಡುಕಾಟದ ಪೆಟ್ಟಿಗೆಯಲ್ಲಿ ನಾವೇ ಬರೆದುಕೊಟ್ಟದ್ದು ಅದಕ್ಕೆ ಗೊತ್ತಿರುತ್ತದೆ.

ಕೂಗುವುದನ್ನೇ ನಾನು ವಿರೋಧಿಸುತ್ತಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಕೂಗು ಅಪರಿಚಿತವಲ್ಲ. ಯಕ್ಷಗಾನ ಬಯಲಾಟ ಇರುವ ದಿನ ಮುಸ್ಸಂಜೆಗೆ ಕೇಳಿ ಹೊಡೆಯುತ್ತಾರೆ, ಅಂದರೆ ಆಟಕ್ಕೆ ಕರೆಯಲು ಚೆಂಡೆ ಬಾರಿಸುತ್ತಾರೆ, ಆ ಸದ್ದು ಗುಡ್ಡದಾಚೆಯ ಮನೆಗೂ ಮುಟ್ಟುತ್ತದೆ, ಈ ರಾತ್ರಿ ಇಲ್ಲಿ ಆಟವಿದೆ ಎಂದು ಸಾರುತ್ತದೆ. ಅದು ಬಹಳ ದೊಡ್ಡ ಸದ್ದು. ಆದರೂ ಅದರಿಂದ ಯಾರಿಗೂ ಕಿರಿಕಿರಿಯಾದದ್ದನ್ನು ನಾನು ಬಾಲ್ಯದಲ್ಲಿ ಕಂಡಿಲ್ಲ, ಏಕೆಂದರೆ ಕೇಳಿದವನು ಅಂಗಳದಲ್ಲಿ ತನ್ನ ಕೆಲಸವನ್ನು ಮಾಡುತ್ತಲೇ ಕೇಳುತ್ತಿದ್ದ, ಬರುವುದೂ ಬಿಡುವುದೂ ಅವನದೇ ಇಷ್ಟವಾಗಿತ್ತು. ಸದ್ದಿನ ಗಾತ್ರಕ್ಕಿಂತ ತಡೆಯ ಪ್ರಶ್ನೆ ದೊಡ್ಡದು.

ನಮ್ಮ ಗಡಿನಾಡಿಗೆ ಮಾತ್ರ ವಿಶೇಷವಾದ ಒಂದು ತೊಂದರೆಯೂ ಇದೆ. ಜಾಹೀರಾತು ಯಂತ್ರ ಭಾಷೆಯನ್ನು ಊಹಿಸುವುದು ಫೋನಿನ ಭಾಷೆಯಿಂದ ಮತ್ತು ನಿಂತಿರುವ ಜಾಗದಿಂದ. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಈ ನೆಲದಲ್ಲಿ, ಫೋನನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡಿರುವ ಬದಿಯಡ್ಕದ ಕನ್ನಡಿಗನಿಗೆ ಮಲಯಾಳದ ಜಾಹೀರಾತು ಬರುತ್ತದೆ. ಮಲಯಾಳವನ್ನು ನಾವೆಲ್ಲ ಕೇಳಿ ಬಲ್ಲೆವು, ಪೇಟೆಯಲ್ಲಿ ಸಂತೋಷದಿಂದ ಆಡುತ್ತೇವೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ಹಳೆಯ ತಲೆಮಾರಿನ ಅನೇಕರಿಗೆ ಆ ಲಿಪಿ ಬಾರದು. ಪುಟವನ್ನು ಮುಚ್ಚಿಕೊಂಡು ಪರದೆಯೊಂದು ನಿಂತಾಗ, ಅದರಲ್ಲಿರುವ ಎರಡು ಗುಂಡಿಗಳಲ್ಲಿ ಬೇಕು ಯಾವುದು, ಬೇಡ ಯಾವುದು ಎಂಬುದೇ ಅವರಿಗೆ ತಿಳಿಯುವುದಿಲ್ಲ. ನಿರಾಕರಿಸುವ ದಾರಿಯೇ ಓದಲು ಬಾರದ ಅಕ್ಷರದಲ್ಲಿದ್ದರೆ ಬಲವಂತದ ಭಾವನೆ ಇಮ್ಮಡಿಯಾಗದೆ ಇರದು. ಹಾವೇರಿ, ಗದಗದಿಂದ ಬಂದು ಬೇಕಲದಲ್ಲಿ ಇಳಿದ ಪ್ರವಾಸಿಯ ಪಾಡೂ ಇದೇ. ಊರಿನಲ್ಲಿ ಕುಳಿತು ಕನ್ನಡದಲ್ಲಿ ಓದಿದವನು ಇಲ್ಲಿ ಕಾಲಿಟ್ಟ ಕೂಡಲೇ, ಅವನ ಫೋನು ತನಗರಿಯದ ಭಾಷೆಯಲ್ಲಿ ಅವನನ್ನು ಕರೆಯತೊಡಗುತ್ತದೆ. ಕೆಳದಿಯ ಶಿವಪ್ಪನಾಯಕನ ಕೋಟೆಯನ್ನು ನೋಡಲು ಬಂದ ಕನ್ನಡಿಗನಿಗೆ ಕನ್ನಡದಲ್ಲಿ ಒಂದು ಸಾಲು ಬರೆಯಲು ಇಲ್ಲಿನ ಉದ್ಯಮಕ್ಕೆ ಏಕೆ ತೋಚುವುದಿಲ್ಲ ಎಂಬುದು ನನ್ನ ಬಹುಕಾಲದ ನೋವು.

ಒತ್ತಡ ಹೇರುವ ಮಾತುಗಳ ವಿಷಯ ಬೇರೆ. ಎರಡೇ ಕೋಣೆ ಉಳಿದಿವೆ, ಇನ್ನೂ ಮೂವತ್ತು ಮಂದಿ ಇದೇ ಕೋಣೆಯನ್ನು ನೋಡುತ್ತಿದ್ದಾರೆ ಎಂಬಂಥ ಸಾಲುಗಳನ್ನು ನೀವೆಲ್ಲರೂ ಕಂಡಿದ್ದೀರಿ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಈ ವಿಷಯದಲ್ಲಿ ತನಿಖೆ ನಡೆಸಿದ ಮೇಲೆ, 2019ರ ಫೆಬ್ರವರಿಯಲ್ಲಿ, ಆರು ದೊಡ್ಡ ಹೋಟೆಲ್ ಬುಕಿಂಗ್ ತಾಣಗಳು ಇಂಥ ಒತ್ತಡದ ಮಾರಾಟವನ್ನು ಬಿಡುವುದಾಗಿ ಒಪ್ಪಿಕೊಂಡವು. ಮೂವತ್ತು ಮಂದಿ ನೋಡುತ್ತಿದ್ದಾರೆಂದು ಹೇಳುವಾಗ ಅವರು ಬೇರೆ ಬೇರೆ ದಿನಾಂಕಗಳಿಗೆ ಹುಡುಕುತ್ತಿರಬಹುದು ಎಂಬುದನ್ನು ಮುಚ್ಚಿಡಬಾರದು ಎಂಬುದು ಅಲ್ಲಿನ ಒಂದು ಅಂಶ. ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿಗಳನ್ನು ಹೊರಡಿಸಿ ಇಂಥ 13 ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿತು. ಸುಳ್ಳು ಅವಸರ, ಪದೇ ಪದೇ ಪೀಡಿಸುವುದು, ಜಾಹೀರಾತನ್ನು ಜಾಹೀರಾತಲ್ಲವೆಂಬಂತೆ ವೇಷ ಹಾಕಿಸುವುದು ಅವುಗಳಲ್ಲಿ ಸೇರಿವೆ. ಬೇಡವೆಂದವನನ್ನು ನಾಚಿಸುವುದಕ್ಕೆ ಆ ಮಾರ್ಗಸೂಚಿ ಕೊಟ್ಟ ಉದಾಹರಣೆ ಪ್ರವಾಸದ್ದೇ: ವಿಮಾನದ ಟಿಕೆಟಿನೊಂದಿಗೆ ವಿಮೆ ಬೇಡವೆನ್ನುವವನು, ನಾನು ಅಸುರಕ್ಷಿತನಾಗಿಯೇ ಇರುತ್ತೇನೆ ಎಂಬ ಅರ್ಥದ ಗುಂಡಿಯನ್ನು ಒತ್ತಬೇಕಾಗುವುದು. ಇಂಥದನ್ನು ಕಂಡವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ಕಾನೂನಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು, ಈ ಸುಳ್ಳು ಅವಸರ ನಿಜವಾದ ಅವಸರದ ಮೇಲಿನ ನಂಬಿಕೆಯನ್ನು ಕೊಂದಿರುವುದು. ತೆಯ್ಯಂ ಎಂಬ ದೈವಾರಾಧನೆಯ ಕಾಲದಲ್ಲಿ, ಕಳಿಯಾಟವೆಂಬ ಅದರ ದೊಡ್ಡ ಉತ್ಸವವಿರುವ ದಿನಗಳಲ್ಲಿ, ನೀಲೇಶ್ವರ, ಕಾಞಂಗಾಡಿನ ಸುತ್ತ ಕೋಣೆಗಳು ನಿಜವಾಗಿಯೂ ತುಂಬಿಹೋಗುತ್ತವೆ. ಒಂದೇ ಕೋಣೆ ಉಳಿದಿದೆ, ಬೇಗ ತಿಳಿಸಿ ಎಂದು ಮಾಲಕಿಯೊಬ್ಬರು ಫೋನಿನಲ್ಲಿ ಪ್ರಾಮಾಣಿಕವಾಗಿ ಹೇಳಿದರೆ, ಎಲ್ಲರೂ ಹಾಗೆಯೇ ಹೇಳುತ್ತಾರೆ ಎಂದು ಆ ಕಡೆಯವರು ನಕ್ಕು ಫೋನಿಟ್ಟರಂತೆ. ಮರುದಿನ ಅವರೇ ಕರೆ ಮಾಡಿದಾಗ ಕೋಣೆ ಇರಲಿಲ್ಲ. ದೊಡ್ಡ ತಾಣಗಳು ಹೇಳಿದ ಸುಳ್ಳಿನ ದಂಡವನ್ನು ಸತ್ಯ ಹೇಳಿದ ಸಣ್ಣವರು ತೆರುತ್ತಿದ್ದಾರೆ.

ಬೇಸರಗೊಂಡ ಗ್ರಾಹಕ ಸಾಮಾನ್ಯವಾಗಿ ದೂರು ಬರೆಯುವುದಿಲ್ಲ, ಸುಮ್ಮನೆ ದಾರಿ ಬದಲಿಸುತ್ತಾನೆ. ಜಾಹೀರಾತು ತಡೆಯುವ ತಂತ್ರಾಂಶವನ್ನು ಹಾಕಿಕೊಳ್ಳುತ್ತಾನೆ. ಗುರುತು ಉಳಿಯದ ಗುಪ್ತ ಕಿಟಕಿಯಲ್ಲಿ ಹುಡುಕುತ್ತಾನೆ. ಆ್ಯಪಿನ ಸೂಚನೆಗಳನ್ನು ನಿಲ್ಲಿಸುತ್ತಾನೆ, 2022ರ ಆಂಡ್ರಾಯ್ಡ್ 13ರಿಂದೀಚೆಗೆ ಸೂಚನೆ ಕಳುಹಿಸಲು ಆ್ಯಪುಗಳು ಮೊದಲೇ ಅನುಮತಿ ಕೇಳಬೇಕಾಗಿ ಬಂದಿರುವುದರಿಂದ ಅದು ಸುಲಭವೂ ಆಗಿದೆ. ಕೊನೆಗೆ ನನ್ನ ತಂಗಿಯಂತೆ ಬಂಧುವಿಗೆ ಕರೆ ಮಾಡುತ್ತಾನೆ, ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳುತ್ತಾನೆ. ಈ ಮೌನ ಜಾಹೀರಾತುದಾರನಿಗೆ ತಪ್ಪು ಲೆಕ್ಕ ಕೊಡುತ್ತದೆ. ಮುಚ್ಚಲು ಹೋಗಿ ಬೆರಳು ಜಾರಿ ಒತ್ತಿದ್ದೂ ಲೆಕ್ಕದಲ್ಲಿ ಒಂದು ಕ್ಲಿಕ್ ಆಗಿ ನಿಲ್ಲುತ್ತದೆ, ಪ್ರತಿ ಕ್ಲಿಕ್ಕಿಗೂ ಹಣ ಹೋಗುತ್ತದೆ. ಪೈವಳಿಕೆಯ ಆ ಮಾಲಕರು ತಮ್ಮ ಫೋನಿನಲ್ಲಿ ತೋರಿಸಿದ ಲೆಕ್ಕದಲ್ಲಿ ಕ್ಲಿಕ್ಕುಗಳು ಬೇಕಾದಷ್ಟಿದ್ದವು, ಬಂದ ಅತಿಥಿಗಳು ಬೆರಳೆಣಿಕೆಯವರು. ಅಷ್ಟು ಜನಕ್ಕೆ ನಮ್ಮ ಮನೆ ಇಷ್ಟವಾಗಲಿಲ್ಲವೇ ಎಂದು ಅವರು ನೊಂದುಕೊಂಡಿದ್ದರು. ಅವರಲ್ಲಿ ಬಹುಪಾಲು ಜನ ಆ ಮನೆಯನ್ನು ನೋಡಲೇ ಇಲ್ಲ, ಹೊರಬರುವ ದಾರಿ ಹುಡುಕುತ್ತಿದ್ದರು ಎಂದು ನಾನು ಹೇಳಿದಾಗ ಅವರಿಗೆ ಸಮಾಧಾನವಾಯಿತೋ ಇನ್ನಷ್ಟು ಬೇಸರವಾಯಿತೋ ತಿಳಿಯದು.

ಅವರ ಜೊತೆ ಕುಳಿತು ಮಾಡಿದ ಬದಲಾವಣೆಗಳನ್ನು ಹೇಳುತ್ತೇನೆ. ಪುಟವನ್ನು ಮುಚ್ಚುವ ಪರದೆಗಳನ್ನು ನಿಲ್ಲಿಸಿದೆವು. ಅವು ಹೇಗೂ ಕಷ್ಟದಲ್ಲಿವೆ: ಮೊಬೈಲಿನಲ್ಲಿ ಪುಟವನ್ನು ಮುಚ್ಚುವ ಪರದೆಗಳಿರುವ ತಾಣಗಳನ್ನು ಗೂಗಲ್ 2017ರ ಜನವರಿಯಿಂದ ಹುಡುಕಾಟದಲ್ಲಿ ಹಿಂದಕ್ಕೆ ತಳ್ಳತೊಡಗಿತು, 2018ರ ಫೆಬ್ರವರಿ 15ರಿಂದ ಕ್ರೋಮ್ ಬ್ರೌಸರು ತೀರ ಅಡ್ಡಿಪಡಿಸುವ ಜಾಹೀರಾತುಗಳ ತಾಣಗಳಲ್ಲಿ ಜಾಹೀರಾತನ್ನೇ ತಡೆಯತೊಡಗಿತು. ಒಬ್ಬನಿಗೆ ದಿನಕ್ಕೆ ಎಷ್ಟು ಬಾರಿ ಕಾಣಿಸಬೇಕೆಂಬುದಕ್ಕೆ ಮಿತಿ ಹಾಕಿದೆವು, ಕಾಯ್ದಿರಿಸಿದವರನ್ನು ಪಟ್ಟಿಯಿಂದ ಹೊರಗಿಟ್ಟೆವು, ಇವೆರಡೂ ಜಾಹೀರಾತು ವ್ಯವಸ್ಥೆಯಲ್ಲಿ ಮೊದಲಿನಿಂದಲೂ ಇದ್ದ ಸೌಲಭ್ಯಗಳು. ಪೊಸಡಿಗುಂಪೆ, ಅನಂತಪುರ, ಮಧೂರು ಎಂದು ನಮ್ಮ ಕಡೆಯ ತಾಣಗಳ ಹೆಸರು ಹಿಡಿದು ಹುಡುಕುವವರಿಗೆ ಮಾತ್ರ, ಹುಡುಕಾಟದ ಉತ್ತರದ ಪಕ್ಕದಲ್ಲಿ, ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಎರಡು ಸಾಲು ಕಾಣುವಂತೆ ಮಾಡಿದೆವು. ಕ್ಲಿಕ್ಕುಗಳು ಬಹಳ ಕಡಿಮೆಯಾದವು. ಮೊದಲ ತಿಂಗಳು ಅವರು ಗಾಬರಿಯಾದರು. ನಂತರ ಬರತೊಡಗಿದ ಕರೆಗಳಲ್ಲಿ ಜನ ಬೆಲೆಯನ್ನು ಮೊದಲು ಕೇಳುತ್ತಿರಲಿಲ್ಲ, ದಾರಿಯನ್ನು ಕೇಳುತ್ತಿದ್ದರು.

ಉಪನ್ಯಾಸದ ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಜಾಹೀರಾತು ಕನ್ನಡದಲ್ಲಿಯೇ ಇದ್ದರೆ ಅದು ಪುಟವನ್ನು ಮುಚ್ಚಿದರೂ ನಮ್ಮವರು ಸಹಿಸಿಕೊಳ್ಳುತ್ತಾರಲ್ಲವೇ ಎಂದು ಆಕೆ ಕೇಳಿದಳು. ಇಲ್ಲವೆಂದೇ ನಾನು ಉತ್ತರಿಸಿದೆ. ಭಾಷೆಯ ಮೇಲಿನ ಪ್ರೀತಿಯನ್ನು ಅಡ್ಡಿಯ ಸಬೂಬಾಗಿ ಬಳಸಿದರೆ ಸಿಟ್ಟು ಆ ಪ್ರೀತಿಗೂ ತಗಲುತ್ತದೆ, ಗಡಿನಾಡಿನಲ್ಲಿ ಆ ಪ್ರೀತಿಯನ್ನು ಹಾಗೆ ಖರ್ಚು ಮಾಡುವಷ್ಟು ಶ್ರೀಮಂತರಲ್ಲ ನಾವು. ಹಾಗಾದರೆ ನಮ್ಮ ಮೊದಲ ಪುಟದಲ್ಲಿ ಏನಿರಬೇಕು ಎಂದು ಹಿಂದಿನ ಸಾಲಿನಿಂದ ಮಾಲಕರೊಬ್ಬರು ಕೇಳಿದರು. ಕೋಟೆಯ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಕಾಸರಗೋಡಿನಿಂದ ನಿಮ್ಮಲ್ಲಿಗೆ ಕೊನೆಯ ಬಸ್ಸು ಯಾವಾಗ, ಜುಲೈ ತಿಂಗಳ ಮಳೆಗೆ ನಿಮ್ಮ ಮನೆಯ ಇಳಿಜಾರಿನಲ್ಲಿ ಕಾರು ಬರುತ್ತದೆಯೇ ಇಲ್ಲವೇ, ಇಷ್ಟನ್ನು ಬರೆಯಿರಿ, ಕೋಣೆಯ ಬಾಡಿಗೆಯನ್ನು ಅದರ ಕೆಳಗೆ ಹಾಕಿ ಎಂದೆ. ಅವರು ಅದನ್ನು ಕರಪತ್ರದ ಹಿಂಬದಿಯಲ್ಲಿ ಬರೆದುಕೊಂಡರು.